ಮಾಮಿಗೊಂದು ಕೆರೆಮೀನು

ಗಾಳ ಹಿಡಿದು ಕೆರೆಯ ದಂಡೆಯಲ್ಲಿ ಕೂತವನಿಗೆ ಮೀನು ಸಿಗುತ್ತದೆಂದು ಖಂಡಿತ ಹೇಳಲಿಕ್ಕಾಗುವುದಿಲ್ಲ. ಆದರೆ ಮನೆಗೆ ಹೋಗಿ ಹೇಳಲಿಕ್ಕೆ ಏನಾದರೊಂದು ಸಿಗದೆ ಇರುವುದಿಲ್ಲ. ಈ ವರ್ಷ ಚಳಿ ಬಿಟ್ಟು ಗೇರು, ಮಾವು ಹೂಬಿಡುವ ಹೊತ್ತಿನಿಂದ ಹೆಚ್ಚುಕಡಿಮೆ ಎಲ್ಲ ಆದಿತ್ಯವಾರಗಳ ಬೆಳಿಗ್ಗೆಯನ್ನೂ ನಾನು ತೋಡಾರಿನ ಆಚೆಯ ಒಂದು ಕೆರೆಯ ಬದಿಯಲ್ಲಿ ಕಳೆದಿದ್ದೇನೆ. ಅಲ್ಲಿ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಮಾತುಗಳು ಬಹುಪಾಲು ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಮರ್ಯಾದೆ ಸ್ವಲ್ಪ ಹೆಚ್ಚಾಗಿರಬಹುದು.

ಷರತ್ತು

ನಾನು ಮೂಡಬಿದ್ರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಈಗ ಮನೆಯಲ್ಲಿ ಇರುವುದು ನಾನು ಮತ್ತು ಅವಳ ತಾಯಿ. ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುತ್ತೇವೆ. ಮನೆ ಮಾಮಿಯದ್ದೇ. ನಾನು ಮದುವೆಯಾದಂದಿನಿಂದ ಅಲ್ಲಿರುವವನು.

ಸಾವಾದ ಮನೆಯಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವವರೆಗೆ ಮೀನು ಮಾಡುವುದಿಲ್ಲ. ಮುಗಿದ ಮೇಲೆ ಮಾಡಬೇಕು, ಅದೂ ಕ್ರಮವೇ. ನೆಂಟರೆಲ್ಲ ಈ ಎರಡನೆಯ ಕ್ರಮವನ್ನು ಬಹಳ ಶ್ರದ್ಧೆಯಿಂದ ಪಾಲಿಸಿ ಹೋದರು. ಮಾಮಿ ಪಾಲಿಸಲಿಲ್ಲ. ಹುಟ್ಟಿದಂದಿನಿಂದ ಮೀನಿಲ್ಲದೆ ಅನ್ನ ಇಳಿಯದ ಹೆಂಗಸು ಗಂಜಿ, ಉಪ್ಪಿನಕಾಯಿಗೆ ಇಳಿದರು. ಆಮೇಲೆ ಗಂಜಿಯೂ ಕಡಿಮೆಯಾಗುತ್ತ ಬಂತು. ಕೈಯ ಬಳೆ ಮೊಣಕೈವರೆಗೆ ಜಾರತೊಡಗಿತು. ಡಾಕ್ಟರು ಪರೀಕ್ಷೆ ಮಾಡಿ, "ಇವರಿಗೆ ಕಾಯಿಲೆ ಇಲ್ಲ. ಊಟ ಇಲ್ಲ, ಅಷ್ಟೇ. ಮೀನು ತಿಂದ ಜೀವ ಇದು, ಮೀನು ಕೊಡಿ," ಎಂದರು.

ಪೇಟೆಯಿಂದ ಮೀನು ತರುತ್ತೇನೆಂದು ಮಾಮಿಯ ಹತ್ತಿರ ಹೇಳಿದೆ.

"ಪೇಟೆಯಿಂದ ಮೀನು ತರುತ್ತಿದ್ದವಳು ಹೋದಳು. ಇನ್ನು ಈ ಮನೆಗೆ ಪೇಟೆಯ ಮೀನು ಬೇಡ."

"ಹಾಗಾದರೆ ಯಾವ ಮೀನು ಆಗಬಹುದು, ಮಾಮಿ?"

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನೀವೇ ಹಿಡಿದು ತನ್ನಿ, ಮಾಷ್ಟ್ರೇ. ಮಾಡ್ತೇನೆ, ತಿನ್ತೇನೆ."

ಬಚ್ಚಲಿನ ಜಿರಳೆಯನ್ನು ಕಾಗದದ ಮೇಲೆ ಹತ್ತಿಸಿ ಹಿತ್ತಲಿಗೆ ಬಿಟ್ಟು ಬರುವ ಅಳಿಯ ನಾನು. ಅದು ಗೊತ್ತಿದ್ದೇ ಮಾಮಿ ಹಾಗೆ ಹೇಳಿದ್ದು. ಆದರೆ ಹೇಳಿದ್ದು ಹೇಳಿದ್ದೇ ಎಂದು ನಾನು ಹಿಡಿದುಕೊಂಡೆ.

ನಮ್ಮ ಶಾಲೆಯ ಡ್ರಿಲ್ ಮಾಷ್ಟ್ರು ಬೆಳ್ತಂಗಡಿ ಕಡೆಯವರು, ಹೊಳೆಯ ಬದಿಯಲ್ಲಿ ಬೆಳೆದವರು. ಗಾಳ ಹಾಕಲು ಕಲಿಸುತ್ತೀರಾ ಎಂದು ಅವರನ್ನು ಕೇಳಿ, ಷರತ್ತಿನ ವಿಷಯ ಹೇಳಿದೆ. ಅವರು ಬಾಯಿಯಲ್ಲಿದ್ದ ಸೀಟಿಯನ್ನು ತೆಗೆದು ಬಹಳ ಹೊತ್ತು ನನ್ನ ಮುಖ ನೋಡಿದರು.

"ನಿಮ್ಮ ಮಾಮಿ ಮೀನು ಬಿಟ್ಟದ್ದಲ್ಲ, ಮಾಷ್ಟ್ರೇ," ಎಂದರು. "ಮೀನುಗಳಿಗೆ ಜೀವದಾನ ಕೊಟ್ಟದ್ದು."

ಮೆಲ್ಲ ಮಾತಾಡಿ

ಮೊದಲ ಆದಿತ್ಯವಾರ ಡ್ರಿಲ್ ಮಾಷ್ಟ್ರು ನನಗೆ ಒಂದು ಬಿದಿರಿನ ಕೋಲು, ನೈಲಾನ್ ದಾರ, ಗಾಳದ ಕೊಕ್ಕೆ ಮತ್ತು ತೇಲಿಸಲು ಹವಾಯಿ ಚಪ್ಪಲಿಯ ಒಂದು ತುಂಡು ಕೊಟ್ಟರು. ಎರೆಹುಳವನ್ನು ಕೊಕ್ಕೆಗೆ ಅವರೇ ಚುಚ್ಚಿಕೊಟ್ಟರು. ನಾನು ಆಗ ಆಚೆಯ ದಡದ ಕೊಕ್ಕರೆಯನ್ನು ನೋಡುತ್ತಿದ್ದೆ. ನಿಯಮ ಒಂದೇ, ಮಾತಾಡಬಾರದು. ಆಟದ ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಯ ಹುಡುಗನ ಚಡ್ಡಿ ಒದ್ದೆಯಾಗುವ ಮನುಷ್ಯ ನನಗೆ ಮೌನ ಕಲಿಸಿದರು.

ಆದರೆ ಅದು ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬರುವ ಕಾಲ. ಈ ಕಾಲದಲ್ಲಿ ಗಣಿತದ ಮಾಷ್ಟ್ರು ಎಲ್ಲಿ ಕೂತರೂ ಅದು ಪೋಷಕರ ಸಭೆಯೇ. ಏರಿಯ ಮೇಲೆ ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ತಂದೆ ನನ್ನನ್ನು ಕಂಡು ಬೈಕು ನಿಲ್ಲಿಸಿದರು. ಅವರ ಮಗನ ತೊಂದರೆ ನನಗೆ ಗೊತ್ತಿತ್ತು. ಅವನಿಗೆ ಅಂಕೆಗಳೆಂದರೆ ದೂರದ ನೆಂಟರಿದ್ದ ಹಾಗೆ. ಕಂಡರೆ ಗುರುತಿಸುತ್ತಾನೆ, ಮಾತಾಡಿಸುವುದಿಲ್ಲ.

"ಸರ್!" ಎಂದು ಅವರು ಮೇಲಿನಿಂದಲೇ ಕೂಗಿದರು. "ನಮ್ಮವನು ಗಣಿತದಲ್ಲಿ ಪಾಸಾಗ್ತಾನಾ?"

"ಮೆಲ್ಲ ಮಾತಾಡಿ ಮಾರಾಯ್ರೆ," ಎಂದರು ಡ್ರಿಲ್ ಮಾಷ್ಟ್ರು. "ಮೀನು ಓಡ್ತದೆ."

ಆ ತಂದೆ ಚಪ್ಪಲಿ ಕಳಚಿ, ದೇವಸ್ಥಾನದ ಒಳಗೆ ಬರುವವರಂತೆ ಹೆಜ್ಜೆಯಿಟ್ಟು ಇಳಿದು ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಚಪ್ಪಲಿಯ ತುಂಡು ನೀರಿನ ಮೇಲೆ ಅಲ್ಲಾಡದೆ ನಿಂತಿತ್ತು. ಮೂವರೂ ಅದನ್ನೇ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅವರು ಪಿಸುಗುಟ್ಟಿದರು.

"ಮೀನು ಸಿಗ್ತದಾ ಸರ್?"

ನಾನೂ ಪಿಸುಗುಟ್ಟಿದೆ. "ಪ್ರಯತ್ನ ಬಿಡಬಾರದು. ಸಿಗುವ ಸಾಧ್ಯತೆ ಉಂಟು."

ಅವರು ನಿಟ್ಟುಸಿರು ಬಿಟ್ಟು ಎದ್ದರು. "ನಮ್ಮವನ ವಿಷಯದಲ್ಲಿಯೂ ನೀವು ಇದೇ ಹೇಳಿದ್ದು, ಸರ್. ನಾನು ಬರ್ತೇನೆ."

ಕೆರೆ ಕೊಟ್ಟದ್ದು

ಆಮೇಲಿನ ಒಂದು ಆದಿತ್ಯವಾರ ನನ್ನ ಚಪ್ಪಲಿಯ ತುಂಡು ನೀರಿನೊಳಗೆ ಹೋಯಿತು. ಎಳೆದೆ, ಭಾರವಿತ್ತು. ಡ್ರಿಲ್ ಮಾಷ್ಟ್ರು ತಾವೇ ಮಾಡಿದ ನಿಯಮವನ್ನು ತಾವೇ ಮರೆತು, "ಬಿಡ್ಬೇಡಿ! ಬಿಡ್ಬೇಡಿ!" ಎಂದು ಕೂಗಿದರು. ದಾರ ತುಂಡಾಗದ ಹಾಗೆ ಮೆಲ್ಲಮೆಲ್ಲ ಎಳೆದು ದಡಕ್ಕೆ ತಂದದ್ದು ಒಂದು ಅಲ್ಯುಮಿನಿಯಂ ಪಾತ್ರೆ. ಯಾರೋ ಯಾವಾಗಲೋ ತೊಳೆಯಲು ತಂದು ಕಳೆದುಕೊಂಡದ್ದಿರಬೇಕು. ಪಾತ್ರೆಯ ಕಿವಿಗೆ ಕೊಕ್ಕೆ ಸರಿಯಾಗಿ ಸಿಕ್ಕಿಕೊಂಡಿತ್ತು. ಅದರೊಳಗೆ ಕೆಸರು ತುಂಬಿತ್ತು. ಕೆಸರಿನಲ್ಲಿ ಮೀನಿರಬಹುದೆಂದು ಡ್ರಿಲ್ ಮಾಷ್ಟ್ರು ಕೈ ಹಾಕಿ ನೋಡಿದರು. ಇರಲಿಲ್ಲ.

ಕೇಳಿಕೊಂಡು ಬರುವವರು ಯಾರೂ ಇರಲಿಲ್ಲವಾದ್ದರಿಂದ ಪಾತ್ರೆಯನ್ನು ಮನೆಗೆ ತಂದೆ. ಆ ದಿನಗಳಲ್ಲಿ ಮಾಮಿ ನನ್ನ ಕೆರೆಯ ಸಮಾಚಾರ ಕೇಳುತ್ತಿರಲಿಲ್ಲ. ಬಾಗಿಲು ತೆರೆದು, ನನ್ನ ಕೈ ನೋಡಿ, ಒಳಗೆ ಹೋಗುತ್ತಿದ್ದರು. ಆ ದಿನ ಮಾತ್ರ ಪಾತ್ರೆಯನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. ತಳಕ್ಕೆ ಬೆರಳಿನ ಗಂಟಿನಿಂದ ಬಡಿದು ತೂತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಬೂದಿ ಹಾಕಿ ತಿಕ್ಕಿ, ಹಿತ್ತಲಿನ ಕಲ್ಲಿನ ಮೇಲೆ ಬಿಸಿಲಿಗೆ ಕವುಚಿದರು.

"ಆಗಬಹುದು," ಎಂದರು. "ಮೀನು ಬಾರದಿದ್ದರೂ ಮೀನು ಬೇಯಿಸುವ ಪಾತ್ರೆ ಬಂತು."

ಗರುಡ

ನಮ್ಮ ನೆರೆಮನೆಯವರು ದುಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ಊರಿನವರೆಲ್ಲ ಅವರನ್ನು ಕರೆಯುವುದು ದುಬೈಯವರು ಎಂದೇ. ನನ್ನ ಬಿದಿರಿನ ಕೋಲು ಕಂಡು ಅವರಿಗೆ ಬಹಳ ದುಃಖವಾಯಿತು.

"ಇದರಲ್ಲಿ ಹಿಡಿದರೆ ನಿಮ್ಮ ಮಾಮಿಗೆ ತೊಂಬತ್ತು ವರ್ಷ ಆದೀತು," ಎಂದರು. "ನಾನು ಬರ್ತೇನೆ. ನನ್ನ ಹತ್ತಿರ ಸಾಮಾನು ಉಂಟು."

ಆದಿತ್ಯವಾರ ಕೆರೆಗೆ ಬಂದರು. ಸಾಮಾನು ಉಂಟು ಎಂದರೆ ಕಾರಿನ ಇಡೀ ಡಿಕ್ಕಿ ತುಂಬ ಉಂಟು. ಮಡಚುವ ಕುರ್ಚಿ, ರಾಟೆಯಿರುವ ಕೋಲು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳು, ಮತ್ತು ಕೊನೆಯಲ್ಲಿ ಬಟ್ಟೆಯೊಳಗಿನಿಂದ ತೆಗೆದ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಹಳದಿ ಚೆಂಡು. ಅದನ್ನು ದಾರಕ್ಕೆ ಕಟ್ಟಿ ನೀರಿಗೆಸೆದರೆ ಕೆಳಗೆ ಮೀನು ಎಲ್ಲಿದೆ ಎಂದು ಫೋನಿನಲ್ಲಿ ಕಾಣಿಸುತ್ತದಂತೆ. ಎಸೆದರು. ಚೆಂಡು ಕೆರೆಯ ನಡುವೆ ಹೋಗಿ ಬಿತ್ತು. ಡ್ರಿಲ್ ಮಾಷ್ಟ್ರೂ ಸೇರಿ ಮೂವರೂ ಫೋನಿನ ಮೇಲೆ ಬಾಗಿದೆವು. ನಿಜಕ್ಕೂ ಕಂಡಿತು, ಸಣ್ಣ ಸಣ್ಣ ಚುಕ್ಕಿಗಳು, ಚಲಿಸುತ್ತಿದ್ದವು.

"ನೋಡಿ! ಎಷ್ಟುಂಟು ನೋಡಿ!" ಎಂದರು ದುಬೈಯವರು.

"ಅವುಗಳ ಹತ್ತಿರವೂ ಫೋನ್ ಉಂಟಾ ನೋಡಿ," ಎಂದರು ಡ್ರಿಲ್ ಮಾಷ್ಟ್ರು. "ಮಾತಾಡಿ ಕರೆಸುವ."

ಅಷ್ಟರಲ್ಲಿ ಬಿಳಿ ಕೊರಳಿನ ಒಂದು ಗರುಡ ಕೆರೆಯ ಮೇಲೆ ಸುತ್ತು ಹಾಕಿತು. ಇನ್ನೊಂದು ಸುತ್ತಿಗೆ ಕೆಳಗಿಳಿಯಿತು. ನಾವು ನೋಡುತ್ತಿರುವ ಹಾಗೆಯೇ ನೀರಿಗೆ ಎರಗಿ ಹಳದಿ ಚೆಂಡನ್ನು ಎತ್ತಿಕೊಂಡಿತು.

ಈಗ ಮಾಡಬೇಕಾದದ್ದು ಸ್ಪಷ್ಟವಿತ್ತು. ಚೆಂಡಿಗೆ ದಾರ ಇತ್ತು, ದಾರ ಕೋಲಿಗಿತ್ತು, ಕೋಲು ದುಬೈಯವರ ಕೈಯಲ್ಲಿತ್ತು. ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಸಾಕಿತ್ತು. ಆದರೆ ಗರುಡ ಅಷ್ಟು ಹತ್ತಿರ ತಲೆಯ ಮೇಲೆ ಬಂದಾಗ ನಮ್ಮ ಊರಿನವರ ಕೈ ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ. ದುಬೈಯವರು ಕೋಲು ಬಿಟ್ಟು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು. ಹೇಳಬೇಕೆಂದರೆ ಮೂವರೂ ಜೋಡಿಸಿದ್ದೆವು. ಕಣ್ಣು ತೆರೆಯುವಾಗ ಕೋಲು ದಡದ ಮೇಲೆ ಸರಸರನೆ ಓಡಿ, ನೀರಿಗೆ ತಾಗಿ, ರಾಟೆ ಕಿರುಗುಟ್ಟಿ, ದಾರ ಕಡಿಯಿತು. ಗರುಡ ಪಡುವಣಕ್ಕೆ ಹೋಯಿತು.

ದುಬೈಯವರು ಕೋಲನ್ನು ಎತ್ತಿಕೊಂಡು ಬಂದು ತುಂಡಾದ ದಾರವನ್ನು ಸುತ್ತತೊಡಗಿದರು. ಕೊನೆಗೆ ಡ್ರಿಲ್ ಮಾಷ್ಟ್ರು ದುಬೈಯವರ ಹೆಗಲ ಮೇಲೆ ಕೈಯಿಟ್ಟರು.

"ಬೇಸರ ಮಾಡ್ಬೇಡಿ. ಫೋನ್ ಬಂದ್ ಮಾಡ್ಬೇಡಿ. ಯಾವ ಕೆರೆಯಲ್ಲಿ ಮೀನುಂಟು ಅಂತ ದೇವರೇ ನೋಡ್ಲಿಕ್ಕೆ ಹೊರಟದ್ದು."

ಮರ್ಯಾದೆಯ ಮೀನು

ಇಷ್ಟಾಗುವಾಗ ತುಳುವರ ಮಾಯಿ ತಿಂಗಳು, ಅಂದರೆ ಫೆಬ್ರವರಿ-ಮಾರ್ಚ್ ಹೊತ್ತು, ಬಂತು. ಕೆರೆಯ ನೀರು ಇಳಿದು ಮೆಟ್ಟಿಲುಗಳು ಕಾಣತೊಡಗಿದವು. ಮಾಮಿಯ ಗಂಜಿಯ ಬಟ್ಟಲು ಅರ್ಧವೇ ಖಾಲಿಯಾಗುತ್ತಿತ್ತು. ಶಾಲೆಯಲ್ಲಿ ಒಂದು ದಿನ ಡ್ರಿಲ್ ಮಾಷ್ಟ್ರ ಹತ್ತಿರ ಇದನ್ನು ಹೇಳಿದೆ. ಅವರು ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದಾಗಲೇ ನನಗೆ ಸಂಶಯ ಬರಬೇಕಿತ್ತು.

ಆ ಆದಿತ್ಯವಾರ ಅವರು ನನ್ನನ್ನು ಚಹಾ ತರಲು ಏರಿಯ ಆಚೆಯ ಅಂಗಡಿಗೆ ಕಳಿಸಿದರು. ತಿರುಗಿ ಬರುವಾಗ ನನ್ನ ಕೋಲು ಬಾಗಿತ್ತು. "ಎಳೀರಿ ಮಾಷ್ಟ್ರೇ, ಬೇಗ!" ಎಂದರು. ಎಳೆದೆ. ಒಂದು ಒಳ್ಳೆಯ ಗಾತ್ರದ ಕಾಟ್ಲಾ ಮೇಲೆ ಬಂತು. ಸಂತೋಷಕ್ಕೆ ನಾನು ದಡದಲ್ಲೇ ಒಮ್ಮೆ ಕುಣಿದೆ. ಮೀನು ಮಾತ್ರ ಸ್ವಲ್ಪವೂ ಅಲ್ಲಾಡಲಿಲ್ಲ.

"ಇದು ಹೊರಳಾಡುವುದಿಲ್ಲವಲ್ಲ," ಎಂದೆ.

"ನಿಮ್ಮನ್ನು ಕಂಡು," ಎಂದರು. "ಮಾಷ್ಟ್ರ ಎದುರು ಯಾರು ಗಲಾಟೆ ಮಾಡ್ತಾರೆ?" ಎನ್ನುತ್ತ, ನಾನು ಸರಿಯಾಗಿ ನೋಡುವ ಮೊದಲೇ, ಬಿಸಿಲು ತಾಗಬಾರದೆಂದು ಅದನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಮನೆಯವರೆಗೂ ಜೊತೆಗೆ ಬಂದರು.

ಮಾಮಿ ಚೀಲ ಬಿಚ್ಚಿ ಮೀನನ್ನು ತಟ್ಟೆಗೆ ಹಾಕಿದರು. ನಮ್ಮಿಬ್ಬರನ್ನೂ ಕೂರಿಸಿದರು. ಒಂದು ಬದಿ ನೋಡಿದರು, ತಿರುಗಿಸಿ ಇನ್ನೊಂದು ಬದಿ ನೋಡಿದರು. ಆಗ ನಾನೂ ನೋಡಿದೆ. ಹೊಟ್ಟೆ ಸೀಳಿ ಶುಚಿ ಮಾಡಿ ಆಗಿತ್ತು. ಎರಡೂ ಬದಿಗಳಲ್ಲಿ, ಹುರಿಯುವ ಮೀನಿಗೆ ಹಾಕುವ ಹಾಗೆ, ಸಮಾನ ಅಂತರದಲ್ಲಿ ಓರೆಯಾಗಿ ಗೀರುಗಳಿದ್ದವು.

"ಒಳ್ಳೆ ಮೀನು," ಎಂದರು ಮಾಮಿ. "ಕೆರೆಯಲ್ಲಿರುವಾಗಲೇ ಮಸಾಲೆಗೆ ಗೀರು ಹಾಕಿಸಿಕೊಂಡು ಕಾದು ಕೂತಿತ್ತು."

ಡ್ರಿಲ್ ಮಾಷ್ಟ್ರು ನೆಲ ನೋಡಿದರು. ಮೂಡಬಿದ್ರೆಯಲ್ಲಿ ಯಾರಾದರೂ ಗುರುತಿನವರು ನೋಡಿಯಾರೆಂದು ಅವರು ಹಿಂದಿನ ಸಂಜೆ ಮಡಂತ್ಯಾರಿನವರೆಗೆ ಹೋಗಿದ್ದರು. ಇಡೀ ಮೀನೇ ಬೇಕು, ತುಂಡು ಮಾಡಬೇಡಿ ಎಂದು ಅಂಗಡಿಯವನಿಗೆ ಎರಡು ಸಲ ಹೇಳಿದ್ದರು. ಅಂಗಡಿಯವನು ತುಂಡು ಮಾಡಲಿಲ್ಲ. ಮಿಕ್ಕದ್ದನ್ನು ಅಭ್ಯಾಸದಿಂದ ಮಾಡಿದ. ತಂದು ಫ್ರಿಜ್ಜಿನಲ್ಲಿಟ್ಟ ಇವರು, ನಾನು ಚಹಾ ತರುವಷ್ಟರೊಳಗೆ ಗಾಳಕ್ಕೆ ಸಿಕ್ಕಿಸುವವರೆಗೆ ಬಿಚ್ಚಿ ನೋಡಲೇ ಇಲ್ಲ; ಕಂಡಾಗ ಬೇರೆ ಮೀನು ತರಲು ಹೊತ್ತಿರಲಿಲ್ಲ.

ಮಾಮಿ ಮೀನನ್ನು ಪುನಃ ಚೀಲಕ್ಕೆ ಹಾಕಿ ಅವರ ಕೈಗೇ ಕೊಟ್ಟರು. "ನಿಮ್ಮ ಮನೆಯಲ್ಲಿ ಹುರಿಯಲಿ. ಇನ್ನೊಮ್ಮೆ ಗಾಳಕ್ಕೆ ಸಿಕ್ಕಿಸುವಾಗ ಉಪ್ಪುಖಾರವನ್ನೂ ಹಚ್ಚಿ ಬಿಡಿ. ನನಗೆ ಕೆಲಸ ಉಳೀತದೆ."

ಆ ಸಂಜೆ ಮಾಮಿ ಕನ್ಯಾನದಲ್ಲಿರುವ ತಮ್ಮ ತಂಗಿಗೆ ಫೋನು ಮಾಡಿ ಈ ಕತೆಯನ್ನು ಮೊದಲಿನಿಂದ ಹೇಳಿದರು. ದುಬೈಯವರಿಂದ ಕೇಳಿದ ಗರುಡನನ್ನೂ ಸೇರಿಸಿದರು, ಪಾತ್ರೆಯನ್ನೂ ಸೇರಿಸಿದರು. ನಡುವೆ ಎರಡು ಕಡೆ ನಗು ಬಂದು ಹೇಳಲಿಕ್ಕಾಗದೆ ನಿಲ್ಲಿಸಿದರು. ಚಾವಡಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ಪೆನ್ನು ಎತ್ತಿ ಹಿಡಿದು ಕೇಳಿದೆ. ಮಳೆಗಾಲದ ನಂತರ ಆ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲ. ಕೊನೆಗೆ ಅವರು ತಂಗಿಗೆ ಹೇಳಿದರು:

"ಇಲ್ಲ ಮಾರಾಯ್ತಿ, ನಮ್ಮ ಮಾಷ್ಟ್ರಿಗೆ ಗೊತ್ತಿರಲಿಲ್ಲ. ಅವರಿಗೆ ಮೋಸ ಮಾಡ್ಲಿಕ್ಕೆ ಬರುವುದಾದರೆ ಇಷ್ಟರಲ್ಲಿ ಮೀನೂ ಸಿಗುತ್ತಿತ್ತು."

ಮಸಾಲೆ

ಮರುವಾರ ನಾನೊಬ್ಬನೇ ಹೋದೆ. ಡ್ರಿಲ್ ಮಾಷ್ಟ್ರಿಗೆ ಬಂಟ್ವಾಳದಲ್ಲಿ ಕಬಡ್ಡಿ ಪಂದ್ಯಾಟದ ತೀರ್ಪುಗಾರಿಕೆ ಇತ್ತು. ದುಬೈಯವರು ಗರುಡನ ದಿನದ ನಂತರ ಕೆರೆಯ ಕಡೆ ಬರುತ್ತಿರಲಿಲ್ಲ. ಎರೆಹುಳವನ್ನು ನಾನೇ ಚುಚ್ಚಿದೆ, ಕಣ್ಣು ತೆರೆದುಕೊಂಡೇ. ಮಂಜು ಇನ್ನೂ ನೀರಿನ ಮೇಲಿತ್ತು. ಚಪ್ಪಲಿಯ ತುಂಡು ಒಮ್ಮೆ ಮುಳುಗಿತು. ಎಳೆದೆ. ಮೀನು ಬಂತು.

ಜಿಲೇಬಿ ಎಂದು ಕರೆಯುವ ಚಪ್ಪಟೆ ಮೀನು. ಬೆರಳುಗಳನ್ನು ಬಿಟ್ಟು ನನ್ನ ಅಂಗೈ ಎಷ್ಟಿದೆಯೋ ಅಷ್ಟು. ಆದರೆ ಹೊರಳಾಡುತ್ತಿತ್ತು, ನನಗೆ ಒಂದಿಷ್ಟೂ ಮರ್ಯಾದೆ ಕೊಡಲಿಲ್ಲ. ಬಕೆಟಿನಲ್ಲಿ ನೀರು ಹಾಕಿ, ಅದನ್ನು ಬಿಟ್ಟು, ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು, ಹೊಂಡ ಕಂಡಲ್ಲೆಲ್ಲ ಇಳಿದು ತಳ್ಳಿಕೊಂಡು ಮನೆಗೆ ತಂದೆ.

ಮಾಮಿ ಬಕೆಟಿನೊಳಗೆ ನೋಡಿದರು. ಕನ್ನಡಕ ತಂದು ಪುನಃ ನೋಡಿದರು.

"ಇದು ಮೀನಾ, ಮೀನಿನ ಫೋಟೋವಾ?"

"ಷರತ್ತಿನಲ್ಲಿ ಗಾತ್ರ ಹೇಳಿರಲಿಲ್ಲ, ಮಾಮಿ."

"ಹೇಳಬೇಕಿತ್ತು," ಎಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಕೆಟನ್ನು ಒಳಗೆ ತೆಗೆದುಕೊಂಡು ಹೋದರು.

ನಾನು ಚಾವಡಿಯಲ್ಲಿ ಕೂತೆ. ಮೆಣಸು ಹುರಿಯುವ ಘಾಟು ಬಂತು. ಕೊತ್ತಂಬರಿ, ಮೆಂತೆ ಹುರಿಯುವ ವಾಸನೆ ಬಂತು. ತೆಂಗಿನಕಾಯಿ ಒಡೆಯುವ ಸದ್ದು, ತುರಿಯುವ ಸದ್ದು. ಮಾಮಿ ಮೀನಿನ ಮಸಾಲೆಯನ್ನು ಮಿಕ್ಸಿಗೆ ಹಾಕುವವರಲ್ಲ; ಕಲ್ಲು ತಿರುಗತೊಡಗಿತು. ಬಹಳ ಹೊತ್ತು ತಿರುಗಿತು. ಆಮೇಲೆ ನಿಂತಿತು, ಮತ್ತೆ ಯಾವ ಸದ್ದೂ ಬರಲಿಲ್ಲ. ನನಗೆ ಹೆದರಿಕೆಯಾಯಿತು.

"ಮಾಷ್ಟ್ರೇ, ಇಲ್ಲಿ ಬನ್ನಿ."

ಹೋದೆ. ಒಂದು ದೊಡ್ಡ ಪಾತ್ರೆಯ ಮುಕ್ಕಾಲು ಭಾಗ ಕೆಂಪು ಮಸಾಲೆ. ಪಕ್ಕದ ತಟ್ಟೆಯಲ್ಲಿ, ತೊಳೆದು ಶುಚಿ ಮಾಡಿದ ಮೇಲೆ ಇನ್ನಷ್ಟು ಸಣ್ಣದಾಗಿದ್ದ ನನ್ನ ಮೀನು. ನಾವಿಬ್ಬರೂ ಒಮ್ಮೆ ಪಾತ್ರೆಯನ್ನು, ಒಮ್ಮೆ ತಟ್ಟೆಯನ್ನು ನೋಡಿದೆವು.

"ಎಷ್ಟು ಜನಕ್ಕೆ ಅರೆದದ್ದು, ಮಾಮಿ?"

"ನಾನೆಲ್ಲಿ ಅಳೆದೆ? ಕೈ ಹಾಕಿದ್ದು. ಕೈಗೆ ಹಳೆಯ ಅಳತೆಯೇ ಗೊತ್ತಿರುವುದು."

ಮಾಮಿ ಸೌಟಿನಿಂದ ಮಸಾಲೆಯನ್ನು ಒಮ್ಮೆ ತಿರುವಿದರು. ಆಮೇಲೆ, "ಇಡೀ ಒಂದು ತೆಂಗಿನಕಾಯಿ ಹೋಯಿತು. ಇದನ್ನೀಗ ಎಂತ ಮಾಡುವುದು?" ಎಂದರು.

"ಫ್ರಿಜ್ಜಿನಲ್ಲಿಡುವ. ಅಥವಾ ನಾಲ್ಕು ಬದನೆಕಾಯಿ ಹಾಕಿದರೆ..."

ಮಾಮಿ ನನ್ನನ್ನು ನೋಡಿದ ನೋಟಕ್ಕೆ ನಾನು ವಾಕ್ಯ ಮುಗಿಸಲಿಲ್ಲ. "ಮೀನಿಗೆ ಅರೆದ ಮಸಾಲೆಗೆ ಬದನೆಕಾಯಿಯಾ? ಈ ಮನೆಯಲ್ಲಾ? ಪೇಟೆಗೆ ಹೋಗಿ. ಬಂಗುಡೆ ಬಂದಿರಬಹುದು. ಬೇಗ ಹೋಗಿ."

ನಾನು ಎಲ್ಲವನ್ನೂ ಸರಿಯಾಗಿ ಕೇಳಿ ತಿಳಿದುಕೊಳ್ಳುವ ಸ್ವಭಾವದವನು. "ಆದರೆ ಮಾಮಿ, ಪೇಟೆಯ ಮೀನು ಬೇಡ ಅಂತ..."

"ನಾನು ಮೀನಿಗಾಗಿ ತರಿಸುವುದಾ?" ಎಂದು ಅವರು ಸ್ವರ ಎತ್ತಿದರು. "ಮಸಾಲೆಗಾಗಿ ತರಿಸುವುದು!"

ಮೀನು ಮಾರ್ಕೆಟಿಗೆ ನಾನು ಒಬ್ಬನೇ ಹೋದದ್ದು ಅದೇ ಮೊದಲು. ನನ್ನ ಹೆಂಡತಿ ಯಾವಾಗಲೂ ಕೊಳ್ಳುತ್ತಿದ್ದ ಹೆಂಗಸಿನ ಎದುರು ನಿಂತು, ಹೆಂಡತಿ ಮಾಡುತ್ತಿದ್ದ ಹಾಗೆಯೇ ಒಂದು ಬಂಗುಡೆಯ ಕಿವಿರನ್ನು ಎತ್ತಿ ನೋಡಿದೆ.

"ಏನು ಮಾಷ್ಟ್ರೇ, ಮೀನಿಗೆ ಗಂಟಲು ನೋವಾ?" ಎಂದಳು. ಆಮೇಲೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬದಿಗಿಟ್ಟು, ಬುಟ್ಟಿಯ ಅಡಿಯಿಂದ ಬೇರೆ ಆರಿಸಿ ಹಾಕಿದಳು. "ನಿಮ್ಮ ಮನೆಯವರಿಗೆ ನಾನು ಅಡಿಯದ್ದನ್ನೇ ಕೊಡುತ್ತಿದ್ದದ್ದು. ಕೊಡದಿದ್ದರೆ ಬಿಡುತ್ತಿದ್ದರಾ?"

ಮಧ್ಯಾಹ್ನ ಮಾಮಿ ಬಡಿಸಿದರು. ಮೊದಲು ನನ್ನ ತಟ್ಟೆಗೆ, ಸೌಟಿನಲ್ಲಿ ಹುಡುಕಿ ತೆಗೆದು, ನನ್ನ ಮೀನನ್ನು ಹಾಕಿದರು. "ಹಿಡಿದವರು ತಿನ್ನಬೇಕು," ಎಂದರು. ಅದರಲ್ಲಿ ಇದ್ದದ್ದು ಬಹುಪಾಲು ಮುಳ್ಳು. ಆಮೇಲೆ ತಮ್ಮ ತಟ್ಟೆಗೆ ಒಂದು ಬಂಗುಡೆ ಹಾಕಿಕೊಂಡು ನನ್ನ ಎದುರಿಗೆ ಕೂತರು. ನಾನು ತಲೆ ಎತ್ತಲಿಲ್ಲ, ಮುಳ್ಳು ಬಿಡಿಸುವುದರಲ್ಲೇ ಇದ್ದೆ. ಅನ್ನ ಕಲಸುವ ಸದ್ದು ಕೇಳಿತು. ಸ್ವಲ್ಪ ಹೊತ್ತಾದ ಮೇಲೆ ಸೌಟು ಪುನಃ ಪಾತ್ರೆಗೆ ತಾಗುವ ಸದ್ದು ಕೇಳಿತು.

"ಹುಳಿ ಸ್ವಲ್ಪ ಮುಂದಾಯಿತು," ಎಂದರು ಮಾಮಿ. ಅಡುಗೆಯ ತಪ್ಪು ಹುಡುಕುವ ಹಳೆಯ ಸ್ವರವೇ ಅದು. ಎರಡನೆಯ ಬಂಗುಡೆಯೂ ಮುಗಿಯಿತು. ಬೆರಳುಗಳನ್ನು ಒಂದೊಂದಾಗಿ ಚೀಪಿ ಎದ್ದರು. ಕೈ ತೊಳೆಯಲು ಹೊರಟವರು ಬಾಗಿಲಿನಲ್ಲಿ ನಿಂತು ನನ್ನ ತಟ್ಟೆಯ ಬದಿಯ ಮುಳ್ಳಿನ ರಾಶಿಯನ್ನು ನೋಡಿದರು.

"ಬರುವ ಆದಿತ್ಯವಾರವೂ ಹೋಗಿ, ಮಾಷ್ಟ್ರೇ," ಎಂದರು. "ಇಂಥದ್ದೇ ಒಂದು ಸಣ್ಣದು ಹಿಡಿದರೆ ಸಾಕು. ಬರುವಾಗ ಪೇಟೆಯಲ್ಲಿ ಒಳ್ಳೆ ದೊಡ್ಡ ಅಂಜಲ್ ಮೀನು ಉಂಟಾ ನೋಡಿಕೊಂಡು ಬನ್ನಿ."